ಅಕಟಕಟಾ, ಹೊಸ ಕಾರು!

"ಶಬ್ದದ ವಿಷಯ ನನಗೆ ಬಿಡು," ಎಂದು ನಿಘಂಟಪ್ಪನವರು ಊಟದ ಮೇಜನ್ನು ಕುಟ್ಟಿ ಸಾರಿದರು. "ಆ ಶೋರೂಮಿನವರನ್ನ ಒಂದೇ ವಾರದಲ್ಲಿ ಕಟಕಟೆ ಹತ್ತಿಸದೆ ಹೋದ್ರೆ, ನನ್ನ ಹೆಸರನ್ನೇ ತಪ್ಪು-ಒಪ್ಪುಗಳ ಪಟ್ಟಿಗೆ ಸೇರಿಸು!"

ನಿಘಂಟಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ನಿಘಂಟು ಕಚೇರಿಯಲ್ಲಿ ಕೂತು ಶಬ್ದಗಳಿಗೆ ಅರ್ಥ ಬರೆಯುವುದು ಅವರ ಉದ್ಯೋಗ. ಬಡಾವಣೆಯವರು ಉದ್ಯೋಗಕ್ಕೇ ಒಂದು 'ಅಪ್ಪ' ಸೇರಿಸಿ ಕರೆದರು, ಅದೇ ನಿಂತಿತು. ಕಚೇರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ ಹಂಚಿದ್ದರು. ಇವರ ಪಾಲಿಗೆ ಬಂದದ್ದು 'ಕ'. 'ಕೂದಲು' ಎಂಬ ಶಬ್ದಕ್ಕೆ ಬಂದು ಮುಟ್ಟುವಷ್ಟರಲ್ಲಿ ತಲೆಯ ಮೇಲಿನದು ಮುಗಿದು ಹೋಗಿತ್ತು. 'ಕ' ಮಾತ್ರ ಇನ್ನೂ ಮುಗಿದಿರಲಿಲ್ಲ.

ಅವರ ಹೆಂಡತಿ ಆಸ್ಪತ್ರೆಯ ಹಿರಿಯ ನರ್ಸು, ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಆಸ್ಪತ್ರೆ ಊರಿನ ಆ ತುದಿ, ಮನೆ ಈ ತುದಿ. ನಡುವೆ ಎರಡು ಬಸ್ಸು. ಅರ್ಧ ಆಯುಸ್ಸನ್ನು ಬಸ್ಸಿನ ಕಂಬಿಗೆ ಜೋತುಬಿದ್ದು ಕಳೆದ ಆಕೆ ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತರು. ಆಮೇಲೆ ಒಂದು ಪುಟ್ಟ ಬಿಳಿ ಕಾರು ತಂದರು. ಅದರ ಧೈರ್ಯದ ಮೇಲೆಯೇ, ಮುಂದಿನ ತಿಂಗಳಿಂದ ಮೊದಲ ಬಸ್ಸಿಗೂ ಮುಂಚೆ ಶುರುವಾಗುವ ಬೆಳಗಿನ ಪಾಳಿಯ ಮೇಲ್ವಿಚಾರಣೆಯನ್ನೂ ಒಪ್ಪಿಕೊಂಡು ಬಂದಿದ್ದರು. ಅಲ್ಲಿಯವರೆಗೆ ದಿನಾ ಸಂಜೆ ಅಭ್ಯಾಸ. ಪಕ್ಕದ ಸೀಟಿನಲ್ಲಿ ಗಂಡ, ಧೈರ್ಯಕ್ಕೆ.

ಕಾರು ಮನೆಗೆ ಬರುವ ದಿನ ಶೋರೂಮಿನವರು ಬೀಗದ ಕೈ ಜತೆಗೆ ಒಂದು ಡಬ್ಬಿ ಟಾಫಿಯನ್ನೂ ಕೊಟ್ಟರು. ಹೊಸದಾಗಿ ಕಟ್ಟಿಸಿಕೊಂಡ ಮೇಲ್ಸಾಲಿನ ಹಲ್ಲಿಗೆ ಅಂಟೀತೆಂದು ನಿಘಂಟಪ್ಪನವರು ತಮ್ಮ ಪಾಲನ್ನು ಸದಾ ತೊಡುವ ಕೋಟಿನ ಜೇಬಿಗಿಳಿಸಿದರು. ಸಿಸ್ಟರಮ್ಮ ಟಾಫಿಯನ್ನು ದವಡೆಗೆ ಒತ್ತಿಕೊಂಡು, ಕನ್ನಡಿ ಸರಿಪಡಿಸಿ, ಬೆಲ್ಟು ಬಿಗಿದು, ಚಾವಿ ತಿರುಗಿಸುವ ಮೊದಲು ಗಂಡನ ಕಡೆ ತಿರುಗಿದರು.

"ರೀ, ನಾನು ಗಾಡಿ ಓಡಿಸುವಾಗ ನಿಮ್ಮ ಬಾಯಿಂದ ಒಂದೇ ಒಂದು ಶಬ್ದ ಬರಬಾರದು."

ಆಕೆ ಹಾಗೆ ಹೇಳಲು ಕಾರಣವಿತ್ತು. ಕಲಿಯುವ ದಿನಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತ ನಿಘಂಟಪ್ಪನವರು ಎಡಕ್ಕೆ, ಬಲಕ್ಕೆ, ನಿಧಾನ, ನಾಯಿ, ಗುಂಡಿ, ಸೈಕಲ್ಲು ಎಂದು ಕೂಗುತ್ತಿದ್ದುದಲ್ಲದೆ, ಕಲಿಸುವವನ ಉಚ್ಚಾರವನ್ನೂ ತಿದ್ದುತ್ತಿದ್ದರು. ಆತ ಮೂರನೆಯ ದಿನ ಇವರಿಬ್ಬರಲ್ಲಿ ಒಬ್ಬರಿಗೆ ಮಾತ್ರ ಕಲಿಸುತ್ತೇನೆ ಎಂದುಬಿಟ್ಟಿದ್ದ.

ನಿಘಂಟಪ್ಪನವರು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟರು. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟವರ ಕತೆ ಕೇಳಿದ್ದೇವೆ. ಕೊಟ್ಟ ಮಾತಿಗಾಗಿ ಮಾತನ್ನೇ ಬಿಟ್ಟವರು ಇವರೊಬ್ಬರೇ ಇರಬೇಕು. ಸಂಜೆಯ ಬೆಳಕು ಗಾಜಿನ ಮೇಲೆ ಹರಿದಾಡುವಾಗ, ಲಾರಿ ಮೈಮೇಲೆ ಬಂದಂತಾದಾಗ, ಸಿಸ್ಟರಮ್ಮ ಮೂರನೆಯ ಗೇರಿಗೆ ಬದಲು ಮೊದಲನೆಯದನ್ನು ಎಬ್ಬಿಸಿದಾಗ, ನಿಘಂಟಪ್ಪನವರ ಗಂಟಲಿನವರೆಗೆ ಶಬ್ದಗಳು ಸಾಲುಗಟ್ಟಿ ಬರುತ್ತಿದ್ದವು. ಅವರು ತುಟಿ ಹೊಲಿದುಕೊಂಡವರಂತೆ ಕೂತು ಎಲ್ಲವನ್ನೂ ನುಂಗುತ್ತಿದ್ದರು.

ಅಂಥ ಒಂದು ಸಂಜೆ, ಬೇಕರಿಯ ಮುಂದೆ ರಸ್ತೆಗೆ ಅಡ್ಡ ಹಾಕಿದ ಹಂಪಿನ ಮೇಲೆ ಕಾರು ಹತ್ತಿ ಇಳಿಯುವಾಗ ಅದು ಕೇಳಿತು.

ಕಟಕಟ.

ಸಿಸ್ಟರಮ್ಮ ಗಂಡನ ಮುಖ ನೋಡಿದರು. ಗಂಡ ಡ್ಯಾಶ್‌ಬೋರ್ಡ್ ನೋಡಿದರು. ಮುಂದಿನ ತಿರುವಿನಲ್ಲಿ ಮತ್ತೆ ಕಟಕಟ. ಮನೆಯ ಗೇಟಿನ ಹತ್ತಿರ ಇನ್ನೊಮ್ಮೆ. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕವರು ಸಹ ಇನ್ನೂ ಬಿಚ್ಚಿಲ್ಲ, ಆಗಲೇ ಒಳಗೆ ಏನೋ ಕಳಚಿಕೊಂಡಿದೆ! ಅಂದು ಊಟದ ಹೊತ್ತಿಗೆ ಮೇಜು ಕುಟ್ಟಿ ನಿಘಂಟಪ್ಪನವರು ಮಾಡಿದ್ದೇ ಮೇಲೆ ಹೇಳಿದ ಪ್ರತಿಜ್ಞೆ.

ಮರುದಿನವೇ ಶೋರೂಮಿಗೆ ಫೋನು ಮಾಡಿ, ತೂಕದ ದನಿಯಲ್ಲಿ, ತಮ್ಮ ಕಾರಿನ ಶಬ್ದ ಸರಿಯಿಲ್ಲವೆಂದು ತಿಳಿಸಿದರು. ಅವರು ಕಾರು ತರಿಸಿಕೊಂಡರು, ಸಂಜೆಗೆ ಮರಳಿಸಿದರು. ಚಾವಿ ತಿರುಗಿಸಿದ್ದೇ ತಡ, ಹಾಡಿನ ಪೆಟ್ಟಿಗೆ ಮನೆಯ ಕಿಟಕಿ ನಡುಗುವಂತೆ ಮೊಳಗಿತು. ಶಬ್ದ ಸರಿಯಿಲ್ಲ ಎಂದರೆ ಸ್ಪೀಕರು ಸರಿಯಿಲ್ಲ ಎಂದು ತಿಳಿದು, ಹೊಸ ಸ್ಪೀಕರುಗಳನ್ನೇ ಕೂರಿಸಿ ಕಳಿಸಿದ್ದರು. ಕಟಕಟ ಇದ್ದಲ್ಲೇ ಇತ್ತು.

ಆಗ ನಿಘಂಟಪ್ಪನವರು ಹೆಂಡತಿಯ ಜತೆ ಖುದ್ದಾಗಿ ದಂಡೆತ್ತಿ ಹೋದರು. ಅಲ್ಲಿ ಅವರನ್ನು ಎದುರುಗೊಂಡವನು ಟೈ ಕಟ್ಟಿದ, ನಗುಮುಖದ ಸರ್ವಿಸ್ ಅಡ್ವೈಸರ್. ಯಾರು ಏನು ಹೇಳಿದರೂ ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳಾಡಿಸಿ "ನೋಟೆಡ್ ಸರ್" ಅನ್ನುವುದು ಅವನ ಅಭ್ಯಾಸ. ಅದಕ್ಕೇ ಸಿಸ್ಟರಮ್ಮ ಅವನಿಗೆ ನೋಟೆಡ್ ಎಂದೇ ಹೆಸರಿಟ್ಟರು.

"ನೋಡಪ್ಪಾ, ಕಾರಿನಲ್ಲಿ ಕಟಕಟ ಅನ್ನುತ್ತೆ," ಎಂದರು ನಿಘಂಟಪ್ಪ.

"ಗಡಗಡ. ನೋಟೆಡ್ ಸರ್."

"ಗಡಗಡ ಅಲ್ಲ! ಗಡಗಡ ಅಂದ್ರೆ ಬಂಡಿ ಉರುಳಿದ ಹಾಗೆ. ಇದು ಕಟಕಟ. ಗಟ್ಟಿ ಪದಾರ್ಥ, ಸಣ್ಣದು, ಬೇಗ ಬೇಗ ಬಡಿಯೋದು."

"ನೋಟೆಡ್ ಸರ್," ಎಂದು ಅವನು ಗಡಗಡಕ್ಕೇ ಒತ್ತಿದ. ಅವನ ಟ್ಯಾಬಿನಲ್ಲಿ ಇದ್ದದ್ದು ಮೂರೇ ಬಗೆಯ ಶಬ್ದ. ಗಡಗಡಕ್ಕೆ ಚಕ್ರ ಬಿಗಿದು ಕೊಟ್ಟರು. ಮುಂದಿನ ಸಲ ಕಿರಕಿರ ಎಂದು ಬರೆದುಕೊಂಡು ಬಾಗಿಲುಗಳ ಸಂದಿಗೆಲ್ಲ ಎಣ್ಣೆ ಬಿಟ್ಟರು. ಸಿಸ್ಟರಮ್ಮನ ಬಿಳಿ ಯೂನಿಫಾರ್ಮಿನ ಮೇಲೆ ಅದರ ಕಲೆ ಕೂತಿತು. ಆಮೇಲಿನದು ಲೊಟಲೊಟ, ಅದಕ್ಕೆ ಡಿಕ್ಕಿಯಲ್ಲಿದ್ದ ಜಾಕನ್ನು ಎತ್ತಿ ಚಿಂದಿ ಬಟ್ಟೆಯಲ್ಲಿ ಸುತ್ತಿಟ್ಟರು. ಒಂದು ಭಾಷೆಯಲ್ಲಿ ಸದ್ದಿಗೆ ಇಷ್ಟೊಂದು ಹೆಸರಿರುವುದು ಸಂಪತ್ತು ಎಂದೇ ಆವರೆಗೆ ನಿಘಂಟಪ್ಪನವರು ತಿಳಿದಿದ್ದರು.

ಕೊನೆಗೆ ನೋಟೆಡ್, ಟ್ರಯಲ್ ನೋಡಿಬಿಡೋಣ ಎಂದ. ಮೊದಲು ತಾನೇ ಓಡಿಸಿದ. ಪಕ್ಕದಲ್ಲಿ ನಿಘಂಟಪ್ಪ. ಕಟಕಟಕ್ಕೂ ಪಟಪಟಕ್ಕೂ ಇರುವ ಭೇದವನ್ನು ಅವರು ಹೊರಟಲ್ಲಿಂದ ವಾಪಸು ಬರುವವರೆಗೆ, ಉಸಿರಿಗೆ ಮಾತ್ರ ಬಿಡುವು ಕೊಟ್ಟು, ವಿವರಿಸಿದರು. ಕಾರು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನಿಘಂಟಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಸಿಸ್ಟರಮ್ಮ ಓಡಿಸಿದರು, ಪಕ್ಕದಲ್ಲಿ ನೋಟೆಡ್. ಹಂಪು, ಗುಂಡಿ, ತಿರುವು ಎಲ್ಲ ಆಯಿತು. ಕಾರು ಹಾಲು ಕುಡಿದ ಮಗುವಿನಂತೆ ಬಂದು ನಿಂತಿತು. ಆದರೆ ಇವರಿಬ್ಬರೇ ಹೊರಟು ಶೋರೂಮಿನ ಗೇಟು ದಾಟಿದರೋ ಇಲ್ಲವೋ, ಕಟಕಟ!

"ಇದಕ್ಕೆ ಅವರನ್ನ ಕಂಡ್ರೆ ಹೆದರಿಕೆ," ಎಂದರು ಮನೆಗೆ ಬಂದ ಮೇಲೆ ನಿಘಂಟಪ್ಪ. ಕಾರಿನಲ್ಲಂತೂ ಮಾತಾಡುವಂತಿರಲಿಲ್ಲ.

ಅದರ ಮುಂದಿನ ಭೇಟಿಯಲ್ಲಿ ನೋಟೆಡ್ ಟ್ಯಾಬು ಕೆಳಗಿಟ್ಟು, ಮೆತ್ತಗಿನ ದನಿಯಲ್ಲಿ, ಕಾರಿನಲ್ಲಿ ದೋಷವಿಲ್ಲ ಎಂದ. ಹೊಸದಾಗಿ ಕಲಿತವರು ಬೇರೆಯವರ ಎದುರು ಹುಷಾರಾಗಿ ಓಡಿಸುತ್ತಾರೆ, ತಮ್ಮಷ್ಟಕ್ಕೆ ಇದ್ದಾಗ ಕ್ಲಚ್ಚು ಒರಟಾಗಿ ಬಿಡುತ್ತಾರೆ, ವಯಸ್ಸಾದ ಮೇಲೆ ಕಲಿತರೆ ಕಾಲು ಅಷ್ಟು ಬೇಗ ಮಾತು ಕೇಳುವುದಿಲ್ಲ ಎಂದೂ ಸೇರಿಸಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಾಗಾಗಿ ಅದು ಇನ್ನೂ ಆಳಕ್ಕೆ ಇಳಿಯಿತು.

ಆ ಸಂಜೆ ಸಿಸ್ಟರಮ್ಮ ಅಭ್ಯಾಸಕ್ಕೆ ಹೊರಡಲಿಲ್ಲ. ಕಾರಿನ ಚಾವಿಯನ್ನು ಮೊಳೆಗೆ ನೇತುಹಾಕಿದರು. ಬಾಗಿಲ ಹೊರಗೆ ಬಿಳಿ ಕಾರು, ಕೈ ಚಾಚಿದರೂ ಯಾರೂ ಎತ್ತಿಕೊಳ್ಳದ ಕೂಸಿನಂತೆ ನಿಂತಿತ್ತು.

"ತಪ್ಪು ಕಾರಿಂದಲ್ಲ ಅನ್ಸುತ್ತೆ ರೀ. ನನ್ನ ಕೈಯದ್ದು. ಬೆಳಗಿನ ಪಾಳಿ ಆಗಲ್ಲ ಅಂತ ಸೋಮವಾರ ಹೇಳಿಬಿಡ್ತೀನಿ. ಬಸ್ಸೇನು ಹೊಸದಾ ನನಗೆ?"

ನಿಘಂಟಪ್ಪನವರಿಗೆ, ಗಂಡಸು ಕಲಿತಿದ್ದರೆ ಆ ಟೈಯವನು ಕಾಲಿನ ಮಾತು ಎತ್ತುತ್ತಿದ್ದನೇ ಎಂದು ಸಿಟ್ಟು ಬಂತು. ಬೆಳಿಗ್ಗೆ ಎದ್ದವರೇ ಮೊಳೆಯ ಮೇಲಿನ ಚಾವಿ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟು, ಕಡೆಯದಾಗಿ ಒಂದು ಸಲ, ನೋಟೆಡ್ ಸೇರಿ ಮೂವರೂ ಒಟ್ಟಿಗೆ ಟ್ರಯಲ್ ನೋಡೋಣ ಎಂದರು. ಸಿಸ್ಟರಮ್ಮ ಚಾವಿ ನೋಡಿದರು. ಆಮೇಲೆ ಏನೋ ಹೊಳೆದಂತೆ ಒಳಗೆ ಹೋಗಿ, ಕೈಚೀಲದಿಂದ ಸ್ಟೆತಾಸ್ಕೋಪು ತಂದು ಕೊರಳಿಗೆ ಹಾಕಿಕೊಂಡರು.

"ಎದೆಯಲ್ಲಿ ಗೊರಗೊರ ಅಂದ್ರೆ ಎಲ್ಲಿಂದ ಬರ್ತಿದೆ ಅಂತ ಹುಡುಕೋದು ನನ್ನ ಕೆಲಸ ಅಲ್ವಾ? ನಡೀರಿ."

ಶೋರೂಮಿನಲ್ಲಿ ನೋಟೆಡ್ ಸ್ಟಿಯರಿಂಗ್ ಹಿಡಿದು ಕೂತ. ಪಕ್ಕದಲ್ಲಿ ನಿಘಂಟಪ್ಪ. ಹಿಂದಿನ ಸೀಟಿನಲ್ಲಿ, ಸ್ಟೆತಾಸ್ಕೋಪಿನ ತುದಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿ ಸಿಸ್ಟರಮ್ಮ. ಕಾರು ಗೇಟು ದಾಟುವ ಮೊದಲೇ ನಿಘಂಟಪ್ಪನವರು ಪಟಪಟದಿಂದ ಪೀಠಿಕೆ ಆರಂಭಿಸಿದರು.

"ರೀ, ಬಾಯಿ. ನಾನು ಕೇಳಿಸಿಕೋಬೇಕು."

ಪೀಠಿಕೆ ನಿಂತಿತು. ನೋಟೆಡ್‌ಗೆ ಆತುರ ಜಾಸ್ತಿ. ತಿರುವಿನಲ್ಲಿ ಕಾರನ್ನು ಒಂದೇ ಏಟಿಗೆ ಹೊರಳಿಸಿದ. ಎದುರಿಗೆ ನೀರಿನ ಟ್ಯಾಂಕರು. ನಿಘಂಟಪ್ಪನವರು ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ನುಂಗಿದರು.

ಕಟಕಟ.

"ಬಂತು! ಅದೇ! ಅದೇ!" ಎಂದು ಕೂಗಿದರು ನಿಘಂಟಪ್ಪ. ಕೂಡಲೇ ಅದು ನಿಂತುಬಿಟ್ಟಿತು.

ನೋಟೆಡ್ ಬೆಪ್ಪಾದ. ಅವನೂ ಕೇಳಿದ್ದ. ಸಿಸ್ಟರಮ್ಮನ ಕಣ್ಣಿನಲ್ಲಿ ಎಷ್ಟೋ ದಿನದಿಂದ ಇಲ್ಲದ ಬೆಳಕು ಬಂತು; ಸ್ಟಿಯರಿಂಗ್ ಮೇಲಿರುವ ಕೈ ಇಂದು ಅವರದಲ್ಲ, ಕ್ಲಚ್ಚಿನ ಮೇಲಿರುವ ಕಾಲೂ ಅವರದಲ್ಲ! ಸುಮ್ಮನಿರಿ ಎಂದು ಗಂಡನಿಗೆ ಮತ್ತೆ ಸನ್ನೆ ಮಾಡಿದರು. ಹಂಪು ಬಂತು. ಕಟಕಟ. "ನೋಡಿದ್ಯೇನಯ್ಯಾ!" ಎಂದರು ನಿಘಂಟಪ್ಪ. ಮೌನ. ಅವರು ಬಾಯಿ ಮುಚ್ಚಿದರೆ ಕಾರು ಬಾಯಿ ಬಿಡುತ್ತಿತ್ತು, ಅವರು ಬಾಯಿ ಬಿಟ್ಟರೆ ಕಾರು ಬಾಯಿ ಮುಚ್ಚುತ್ತಿತ್ತು. ಎಷ್ಟು ಮರ್ಯಾದಸ್ಥ ಕಾರು ಎಂದು ನೋಟೆಡ್‌ಗೆ ಅನ್ನಿಸಿರಬೇಕು.

ಸಿಸ್ಟರಮ್ಮ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಗೇರಿನ ಬುಡಕ್ಕೆ ಇಟ್ಟರು. ಅಲ್ಲಿಲ್ಲ. ಕೈ ಚಾಚಿ ಡ್ಯಾಶ್‌ಬೋರ್ಡಿಗೆ ಇಟ್ಟರು. ಅಲ್ಲೂ ಇಲ್ಲ. ಎಡಕ್ಕೆ ಸರಿದರು. ಸೀಟಿನ ಬೆನ್ನಿಗೆ ಇಟ್ಟಾಗ ತುಸು ಹತ್ತಿರ ಬಂದಂತಾಯಿತು. ತಲೆ ಆನಿಸುವ ದಿಂಬಿಗೆ ಇಟ್ಟಾಗ ಇನ್ನೂ ಹತ್ತಿರ. ಅಲ್ಲಿಂದ ಬಿಲ್ಲೆ ಮೆಲ್ಲಗೆ ಜಾರಿ ನಿಘಂಟಪ್ಪನವರ ಕಿವಿಯ ಕೆಳಗೆ, ದವಡೆಯ ಮೇಲೆ ತಣ್ಣಗೆ ಕೂತಿತು. ಮುಂದೊಂದು ಗುಂಡಿ.

ಸಿಸ್ಟರಮ್ಮ ಕಿವಿಯಿಂದ ಸ್ಟೆತಾಸ್ಕೋಪು ತೆಗೆದರು. ಕಾರು ನಿಲ್ಲಿಸಲು ಹೇಳಿದರು.

"ರೀ, ಈ ಕಟಕಟಕ್ಕೆ ನಿಮ್ಮ ನಿಘಂಟಿನಲ್ಲಿ ಏನರ್ಥ ಬರೆದಿದೀರಿ?"

ಕೇಳುವವರು ಸಿಕ್ಕಿದ ಸಂತೋಷಕ್ಕೆ ನಿಘಂಟಪ್ಪನವರು ಕೂತಲ್ಲೇ ನೆಟ್ಟಗಾದರು. "ಕಟಕಟ. ಅನುಕರಣ ಶಬ್ದ. ಸಿಟ್ಟಿನಿಂದಲೋ ಭಯದಿಂದಲೋ ಹಲ್ಲುಗಳು ಒಂದಕ್ಕೊಂದು ತಾಗಿದಾಗ..."

ಅವರು ಅಲ್ಲಿಗೇ ನಿಂತರು. ನಾಲಿಗೆ ತಾನಾಗಿ ಮೇಲಕ್ಕೆ ಹೋಗಿ, ಹೊಸದಾಗಿ ಕಟ್ಟಿಸಿಕೊಂಡ ಸಾಲನ್ನು ಮುಟ್ಟಿ ನೋಡಿತು. ಸಾಲು ಅಲ್ಲಾಡಿತು.

"ಹಲ್ಲು. ನೋಟೆಡ್ ಸರ್," ಎಂದ ನೋಟೆಡ್, ಅಭ್ಯಾಸ ಬಲದಿಂದ.

ಸಿಸ್ಟರಮ್ಮ ನಗಲಿಲ್ಲ. ಮೊದಲು ಒಂದು ದೀರ್ಘ ಉಸಿರು ಬಿಟ್ಟರು. ಆಮೇಲೆ ಅವರ ಭುಜ ಅಲುಗಿತು, ಸೀಟು ಅಲುಗಿತು, ಕೊನೆಗೆ ಇಡೀ ಕಾರೇ ಅಲುಗಾಡಿತು. ಅಷ್ಟಾದರೂ ಕಾರಿನಿಂದ ಒಂದು ಸದ್ದು ಬರಲಿಲ್ಲ, ಅಷ್ಟು ಗಟ್ಟಿ ಗಾಡಿ ಅದು. ಕಣ್ಣೊರೆಸಿಕೊಂಡು, "ಅಷ್ಟು ಭಯಾನಾ ನಿಮಗೆ, ನಾನು ಓಡಿಸಿದ್ರೆ?" ಎಂದು ಕೇಳಿದರು.

"ಭಯ ಅಲ್ಲ ಕಣೇ," ಎಂದರು ನಿಘಂಟಪ್ಪ, ಸಣ್ಣ ದನಿಯಲ್ಲಿ. "ಇವನು ಓಡಿಸಿದ್ರೂ ಬಂತಲ್ಲ. ಅದು ಮಾತು. ನುಂಗಿ ನುಂಗಿ ಹಲ್ಲಿಗೆ ಬಂದು ನಿಂತಿತ್ತು."

ಶೋರೂಮಿಗೆ ಮರಳಿದ ಮೇಲೆ ನೋಟೆಡ್ ಟ್ಯಾಬು ಹಿಡಿದು ದೋಷದ ಜಾಗದಲ್ಲಿ ಏನು ತುಂಬಲಿ ಎಂದು ತಲೆ ಕೆರೆದುಕೊಂಡ. ಶೋರೂಮನ್ನು ಕಟಕಟೆ ಹತ್ತಿಸಲು ಹೊರಟಿದ್ದವರು ಈಗ ಅದೇ ಕಟಕಟೆಯಲ್ಲಿ ಕೈಕಟ್ಟಿ ನಿಂತಿದ್ದರು. ಅಕಟಕಟಾ!

"ಎಡಗಡೆ ಸೀಟಿನಲ್ಲಿ ಒಂದು ಪಾರ್ಟು ಸಡಿಲ ಇತ್ತು ಅಂತ ಬರ್ಕೊಳ್ಳಪ್ಪ," ಎಂದರು ಸಿಸ್ಟರಮ್ಮ.

"ಬದಲಾಯಿಸಿ ಕೊಡಬೇಕಾ ಮೇಡಂ?"

"ಬೇಡ. ಅದು ನಿಮ್ಮ ಕಾರಿನ ಜತೆ ಬಂದದ್ದಲ್ಲ, ಮೊದಲಿಂದ ನನ್ನ ಹತ್ರ ಇದ್ದದ್ದು. ಹೊಂದಿಸ್ಕೊಂಡು ಹೋಗ್ತೀನಿ. ಮತ್ತೆ ನೀನು ತಿರುವಿನಲ್ಲಿ ಸ್ವಲ್ಪ ಮೆತ್ತಗೆ ಹೊರಳಿಸೋದು ಕಲಿ. ನಿನ್ನ ಕಾಲಿಗಿನ್ನೂ ವಯಸ್ಸಾಗಿಲ್ಲ, ಮಾತು ಕೇಳುತ್ತೆ."

ನೋಟೆಡ್ ಅದೊಂದಕ್ಕೆ ಮಾತ್ರ ನೋಟೆಡ್ ಅನ್ನಲಿಲ್ಲ.

ವಾಪಸು ಬರುವಾಗ ಸಿಸ್ಟರಮ್ಮನೇ ಓಡಿಸಿದರು. ಬೆಳಗಿನ ಬಿಸಿಲು ಅವರ ಮೊಣಕೈ ಮೇಲೆ ಕೂತಿತ್ತು. ಬೆಳಗಿನ ಪಾಳಿಯ ಮಾತು ಇನ್ನು ಯಾರೂ ಎತ್ತಬೇಕಾಗಿರಲಿಲ್ಲ. ಚಾವಿ ತಿರುಗಿಸುವಾಗ ಅವರು ಉದಾರವಾಗಿ ಹಳೆಯ ಆಜ್ಞೆಯನ್ನು ಹಿಂತೆಗೆದುಕೊಂಡಿದ್ದರು. "ಮಾತಾಡ್ರಿ. ಪಾಪ, ಎಷ್ಟು ದಿನ ಅಂತ ನುಂಗ್ತೀರಿ?"

ನಿಘಂಟಪ್ಪನವರು ಮಾತಾಡಿದರು. ಎಡಕ್ಕೆ ಅಂದರು, ನಿಧಾನ ಅಂದರು, ಸೈಕಲ್ಲು ಅಂದರು, ಆ ಸೈಕಲ್ಲಿನವನ ಅಜ್ಜನ ಕಾಲದ ತನಕ ಅಂದರು. ಕಲಿಸುವವನು ತಪ್ಪಾಗಿ ಉಚ್ಚರಿಸಿದ್ದ ಪದಗಳನ್ನು ಒಂದೊಂದಾಗಿ ನೆನೆಸಿಕೊಂಡು ತಿದ್ದಿದರು. ಗೇರು ಶಬ್ದದ ಮೂಲ ಹೇಳಿದರು, ಬ್ರೇಕಿಗೆ ತಾವೇ ಹುಟ್ಟಿಸಿದ ಪದವೊಂದನ್ನು ಹೇಳಿದರು, ಅದನ್ನು ಇನ್ನೂ ಏಕೆ ಒತ್ತಲಿಲ್ಲ ಎಂದು ಕೇಳಿದರು. ಕಟಕಟ ಎಲ್ಲೂ ಇರಲಿಲ್ಲ.

ಬೇಕರಿಯ ಮುಂದಿನ ಹಂಪಿಗೆ ಮೊದಲು ಸಿಸ್ಟರಮ್ಮ ಕಾರನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದರು. ಗಂಡನ ಕೋಟಿನ ಜೇಬಿಗೆ ಕೈ ಹಾಕಿ, ಶೋರೂಮಿನವರು ಕೊಟ್ಟಿದ್ದ ಆ ಹಳೆಯ ಟಾಫಿಯನ್ನು ಹುಡುಕಿ ತೆಗೆದು, ಕಾಗದ ಬಿಡಿಸಿ, ಅವರ ತೆರೆದ ಬಾಯೊಳಗೆ ಇಟ್ಟರು.

"ಅಂಟಿಕೊಂಡ್ರೆ ಅಂಟಿಕೊಳ್ಳಲಿ ಬಿಡಿ," ಎಂದರು. "ಆ ಕಟಕಟಾನೇ ವಾಸಿ ಇತ್ತು."