ಒಂದೇ ಮಾಲ್ಟು, ಒಂದೇ ಹಾಪು, ಎರಡನೇ ಗ್ಲಾಸು

ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಇಂಥ ನಗೆಪ್ರಸಂಗಗಳು ತಾವೇ ಬಂದು ನನ್ನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುತ್ತವೆ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಕೆಜಿಎಫ್‌ನ ಗಣಿಯ ಪ್ರಯೋಗಾಲಯದಲ್ಲಿ ಕಲ್ಲಿನ ಪುಡಿಯೊಳಗೆ ಚಿನ್ನ ಎಷ್ಟಿದೆ ಎಂದು ನೋಡಿ, ಸಂಜೆ ಅದೇ ರೈಲಿನಲ್ಲಿ ವಾಪಸು ಬರುವ ಬಿ.ಎಸ್ಸಿ. ಮನುಷ್ಯನ ಬದುಕಿನಲ್ಲಿ ನಗುವಂಥದ್ದು ಏನಿರಬೇಕು ಹೇಳಿ? ಆದರೂ ಇತ್ತು. ಈಗ ಹೇಳಿದರೆ ಮೊಮ್ಮಕ್ಕಳು "ತಾತ ರೈಲು ಬಿಡ್ತಾರೆ" ಅಂತ ಎದ್ದು ಹೋಗುತ್ತವೆ. ನೀವು ಕೂತಿರಿ.

ಎಂಬತ್ತರ ದಶಕದ ಮಾತು. ಕೆಜಿಎಫ್‌ನ ಉರಿಗಾಂನಲ್ಲಿ ಒಬ್ಬರು ಆಂಗ್ಲೋ-ಇಂಡಿಯನ್ ಫೋರ್ಮನ್ನರು ಇದ್ದರು. ಗಣಿಯ ವರ್ಕ್‌ಶಾಪಿನಿಂದ ನಿವೃತ್ತರಾಗಿ, ತಗಡಿನ ಮಾಡಿನ ಹಳೇ ಬಂಗಲೆಯಲ್ಲಿ ಹೆಂಡತಿಯೊಂದಿಗೆ ವಾಸ. ಮೊಣಕಾಲುದ್ದದ ಖಾಕಿ ಚಡ್ಡಿ, ತಲೆಗೆ ಹ್ಯಾಟು, ಮಾತಿಗೊಂದು "ಮ್ಯಾನ್". ಕನ್ನಡ, ತಮಿಳು, ತೆಲುಗು, ಇಂಗ್ಲಿಷು ನಾಲ್ಕನ್ನೂ ಒಂದೇ ವಾಕ್ಯದೊಳಗೆ ಕೂರಿಸಿ, ಯಾವುದಕ್ಕೂ ಜಾಗ ಕಮ್ಮಿಯಾಗದ ಹಾಗೆ ಮಾತಾಡುತ್ತಿದ್ದರು.

ವಿಲಾಯಿತಿಯಲ್ಲಿದ್ದ ಅವರ ತಮ್ಮ ಒಮ್ಮೆ ಊರಿಗೆ ಬಂದಾಗ ಒಂದು ದೊಡ್ಡ ಡಬ್ಬದ ತುಂಬ ಒಣಗಿದ ಹಾಪ್ ಹೂವು ತಂದುಕೊಟ್ಟ. ಅಲ್ಲಿ ಬಳ್ಳಿಯಲ್ಲಿ ಬಿಡುವ ಕಹಿ ಹೂವಂತೆ ಅದು. ಬಿಯರಿಗೆ ಕಹಿಯೂ ಪರಿಮಳವೂ ಬರೋದು ಅದರಿಂದಲೇ. ಕೊಡುವಾಗ ಸುಮ್ಮನೆ ಕೊಡಬಾರದಿತ್ತೇ? "ಅಣ್ಣಾ, ಬಿಯರ್ ಚೆನ್ನಾಗಿದೆ ಅನ್ನೋದಕ್ಕೆ ಒಂದೇ ಗುರುತು. ಕುಡಿದವನು ತಾನಾಗೇ ಎರಡನೇ ಗ್ಲಾಸು ಕೇಳಬೇಕು. ನಿನ್ನ ಕೈಲಿ ಆಗಲ್ಲ ಬಿಡು" ಎಂದು ನಕ್ಕು ವಿಮಾನ ಹತ್ತಿದ.

ಅಷ್ಟೇ. ನಮ್ಮ ಫೋರ್ಮನ್ನರ ನಿದ್ದೆ ಹೋಯಿತು. ಬಂಗಾರಪೇಟೆ ಅಂಗಡಿಯಿಂದ ಬಾರ್ಲಿ ತರಿಸಿದರು. ನೆನೆಸಿ, ಒದ್ದೆ ಗೋಣಿಯಲ್ಲಿ ಮೊಳಕೆ ಬರಿಸಿ, ತಗಡಿನ ಮೇಲೆ ಒಣಗಿಸಿ, ಹದವಾಗಿ ಹುರಿದು ಮಾಲ್ಟು ಮಾಡಿದರು. ಅದಕ್ಕೆ ಆ ಹೂವು. ಹುಳಿ ಬರಿಸಲು ಆಂಡರ್ಸನ್‌ಪೇಟೆ ಬೇಕರಿಯ ಈಸ್ಟು. ತಿಳಿಹೊನ್ನಿನ ಬಣ್ಣದ 'ಪೇಲ್ ಏಲ್' ಎಂಬ ಬಿಯರು ತಯಾರು. "ಒಂದೇ ಮಾಲ್ಟ್, ಒಂದೇ ಹಾಪ್ ಮ್ಯಾನ್! ತಪ್ಪಾದರೆ ಅವನ ಮೇಲೆ ಇವನು, ಇವನ ಮೇಲೆ ಅವನು ಹಾಕೋಕೆ ಆಗಲ್ಲ" ಎನ್ನುತ್ತಿದ್ದರು. ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲೂ ದ್ರಾಕ್ಷಿ ವೈನು ಮಾಡುತ್ತಿದ್ದ ಬೀದಿ ಅದು. ಲೈಸೆನ್ಸು ಎಂಬ ಪದ ಯಾರಿಗೂ ಹೊಳೆದಿರಲಿಲ್ಲ.

ಮೊದಲು ಕುಡಿದವನು ನಾನೇ. ಮೂಗಿಗೆ ಕಿತ್ತಳೆ ಸಿಪ್ಪೆ ಗೀರಿದ ವಾಸನೆ, ನಾಲಿಗೆಗೆ ಹುರಿದ ಕಾಳಿನ ಸಿಹಿ, ಆಮೇಲೆ ಗಂಟಲ ಬಾಗಿಲಲ್ಲಿ ಕಾಲು ಚಾಚಿ ಕೂತು, ಏಳು ಅಂದರೂ ಏಳದ ಕಹಿ. ನನಗೆ ಹಿಡಿಸಿತು. ಎರಡನೇ ಗ್ಲಾಸಿಗೆ ಕೈಚಾಚಿದೆ. ಅವರು ಬಾಟಲಿ ಹಿಂದಕ್ಕೆಳೆದುಕೊಂಡರು.

"ನಿಂದು ಲೆಕ್ಕಕ್ಕಿಲ್ಲ ಮ್ಯಾನ್. ನೀನು ಫ್ರೆಂಡು. ನಿನ್ನ ನಾಲಿಗೇಲಿ ದಾಕ್ಷಿಣ್ಯ ಇದೆ."

ಬೆಲ್ಲ ಐತಾ?

ಹಾಗಾಗಿ ದಾಕ್ಷಿಣ್ಯವಿಲ್ಲದ ನಾಲಿಗೆಯ ಬೇಟೆ ಶುರುವಾಯಿತು. ಸಿಕ್ಕಿದವರು ಮನೆಗೆ ಹಾಲು ಹಾಕುತ್ತಿದ್ದ ಗೌಡರು, ಪಕ್ಕದ ಹಳ್ಳಿಯವರು. ಹಾಲಿನ ಕ್ಯಾನು ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಅವರ ಕೈಗೆ ಫೋರ್ಮನ್ನರು ಗ್ಲಾಸು ಇಟ್ಟರು. "ಸ್ವಲ್ಪ ರುಚಿ ನೋಡಿ ಗೌಡ್ರೇ."

ಗೌಡರು ಒಂದು ಗುಟುಕು ಹೀರಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು. ಕಹಿ ಅಂದಮೇಲೆ ನಮ್ಮ ಕಡೆ ಒಂದು ಕ್ರಮ ಇದೆಯಲ್ಲ, ಅವರು ಅದರಂತೆಯೇ ನಡೆದರು. ಪೂರ್ವಕ್ಕೆ ತಿರುಗಿದರು, ಕುಕ್ಕರಗಾಲಲ್ಲಿ ಕೂತರು, ಎಡಗೈಯಲ್ಲಿ ಮೂಗು ಹಿಡಿದರು, ಕಣ್ಣು ಮುಚ್ಚಿ ಇಡೀ ಗ್ಲಾಸನ್ನು ಒಂದೇ ಗುಟುಕಿಗೆ ಇಳಿಸಿದರು.

"ಉಸ್ಸಪ್ಪಾ! ಅಮ್ಮಾರೇ, ಬೆಲ್ಲ ಐತಾ?"

ಬೆಲ್ಲ ಬಂತು. ಚೀಪುತ್ತಾ ಬಹಳ ವಿನಯದಿಂದ ಕೇಳಿದರು: "ಎಷ್ಟು ದಿವ್ಸ ತಕಬೇಕು ಸಾಮಿ? ಊಟಕ್ಕೆ ಮುಂಚೇನಾ, ಆಮೇಲಾ? ಪಥ್ಯ ಏನಾನಾ ಐತಾ? ಮುದ್ದೆ ತಿನ್ಬೌದಾ?"

"ಇದು ಔಷಧಿ ಅಲ್ಲ ಮ್ಯಾನ್!"

"ಅಂಗಂದ್ರೆ ಎಂಗೆ? ಇಷ್ಟು ಕಯ್ಯಿ ಇರೋದು ಸುಮ್ಕೆ ಯಾರನ್ನಾ ಕುಡಿತಾರಾ?"

ಮುಂದಿನ ಭಾನುವಾರ ನಾನು ಹೋದಾಗ ಗೌಡರು ಜಗಲಿಯಲ್ಲಿ ಕಾದು ಕೂತಿದ್ದರು, ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕ. ಫೋರ್ಮನ್ನರ ಮುಖ ಅರಳಿತು. "ನೋಡು ಮ್ಯಾನ್, ವಾಪಸ್ ಬಂದಿದ್ದಾರೆ! ಎರಡನೇ ಗ್ಲಾಸಾ ಗೌಡ್ರೇ?"

"ನಂಗ್ಯಾಕೆ ಸಾಮಿ, ನಂಗೆ ವಾಸಿ ಆಯ್ತಲ್ಲ. ಇವರು ನಮ್ಮಾವ, ಮಂಡಿನೋವು. ಕುಡಿಸ್ಬೇಕೋ, ಮಂಡಿಗೆ ಅಚ್ಬೇಕೋ, ಅದೊಂದು ಏಳ್ಬಿಡಿ."

ಹಳದಿ ನೀರು

ಕಹಿ ಹೆಚ್ಚಾಯಿತೋ, ಸಿಹಿ ಉಳಿಯಿತೋ ನೋಡು ಎಂದು ಅವರು ನನಗೊಂದು ಬಾಟಲಿ ಕೊಟ್ಟರು. ಊಟದ ಬಿಡುವಿನಲ್ಲಿ ಪ್ರಯೋಗಾಲಯದಲ್ಲೇ ಸಾಂದ್ರತೆ ಅಳೆಯುವ ಕೊಳವೆ ಇಳಿಸಿ ನೋಡಿದೆ, ಎಲ್ಲ ಸರಿಯಾಗಿತ್ತು. ಬಾಟಲಿ ಮಾತ್ರ ವಾಪಸು ಕೊಡಲೇಬೇಕು ಎಂದು ಕರಾರಾಗಿದ್ದರಿಂದ ಸಂಜೆ, ಉಳಿದ ಅರ್ಧದೊಂದಿಗೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಇಲ್ಲೊಂದು ಮಾತು. ಚಿನ್ನದ ಗಣಿಯ ಗೇಟಿನಲ್ಲಿ ಒಳಗೆ ಹೋಗುವವರನ್ನು ಅಷ್ಟಾಗಿ ಕೇಳುವುದಿಲ್ಲ. ಹೊರಗೆ ಬರುವವರ ಊಟದ ಡಬ್ಬದ ಮುಚ್ಚಳದ ಸಂದನ್ನೂ ಬಿಡುವುದಿಲ್ಲ. ಕಾವಲುಗಾರ ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಹೊನ್ನಿನ ಬಣ್ಣದ ನೀರು. ಅಲ್ಲಾಡಿಸಿದ. ತಳದ ಈಸ್ಟು ಮಿನುಗುತ್ತಾ ಮೇಲೆದ್ದಿತು.

"ಎನ್ನ ಸಾರ್ ಇದು?"

"ಬಿಯರಪ್ಪಾ."

"ಬಿಯರು ಒಳಗೆ ತಗೊಂಡೋಗೋರನ್ನ ಹಿಡಿದಿದ್ದೀನಿ ಸಾರ್. ಗಣಿ ಒಳಗಿಂದ ಬಿಯರು ತರೋರನ್ನ ಇದೇ ಮೊದಲು ನೋಡ್ತಿರೋದು."

ಮಾತು ನ್ಯಾಯವಾಗಿಯೇ ಇತ್ತು. ಆಮ್ಲದಲ್ಲಿ ಕರಗಿಸಿದ ಚಿನ್ನವೂ ಹಳದಿ ನೀರೇ ಎಂಬುದು ಗೇಟಿನಲ್ಲಿ ಎಲ್ಲರಿಗೂ ಗೊತ್ತು; ಹಾಗೆ ಕರಗಿಸಬಲ್ಲವರು ಪ್ರಯೋಗಾಲಯದವರು ಎಂಬುದೂ ಗೊತ್ತು. ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಭದ್ರತಾ ಅಧಿಕಾರಿ ಬಂದರು, ಬಾಟಲಿಯನ್ನು ದೂರದಿಂದಲೇ ಮೂಸಿದರು, ಪರೀಕ್ಷೆಗೆ ಕಳಿಸಿ ಎಂದರು. ಪರೀಕ್ಷೆಗೆ ಎಲ್ಲಿಗೆ? ನನ್ನದೇ ಪ್ರಯೋಗಾಲಯಕ್ಕೆ. ನಮ್ಮ ಹಿರಿಯ ಕೆಮಿಸ್ಟರು ನನ್ನ ಮುಖವನ್ನೂ ನೋಡದೆ, ಅದನ್ನು ಕುದಿಸಿ, ಬತ್ತಿಸಿ, ಮೂಸೆಗೆ ಹಾಕಿ ಕುಲುಮೆಗಿಟ್ಟರು. ಇಡೀ ಕಟ್ಟಡಕ್ಕೆ ಬೇಕರಿಯ ವಾಸನೆ ಹಬ್ಬಿ, ಅಕೌಂಟ್ಸ್‌ನವರು ತಟ್ಟೆ ಹಿಡಿದುಕೊಂಡು ಬಂದು ಇಣುಕಿದರು.

"ಚಿನ್ನ: ಇಲ್ಲ" ಎಂದು ಫಲಿತಾಂಶ ಬಂತು. ನನ್ನನ್ನು ಬಿಟ್ಟರು. ಕೊನೆಯ ರೈಲು ಹಿಡಿಯುವ ಮುಂಚೆ ಓಡಿಹೋಗಿ ಫೋರ್ಮನ್ನರಿಗೆ ಎಲ್ಲ ಹೇಳಿದೆ. ನನ್ನ ಕೆಲಸ ಉಳಿದದ್ದು, ಮಾನ ಉಳಿದದ್ದು ಯಾವುದನ್ನೂ ಅವರು ಕೇಳಲಿಲ್ಲ.

"ಅದು ಬಿಡು ಮ್ಯಾನ್. ಕುಡಿದು ಏನಂದ್ರು?"

"ಕುಡಿಯಲಿಲ್ಲ. ಸುಟ್ಟು ನೋಡಿದರು."

ಮೀಸೆಯ ಮೇಲೆ ಬಿದ್ದದ್ದು

ಕೆಜಿಎಫ್ ನಾಲಿಗೆಗಳ ಮೇಲೆ ಆಸೆ ಬಿಟ್ಟು, ಬಂಗಾರಪೇಟೆಯ ಸೋಡಾ ಅಂಗಡಿಯವರಿಗೆ ಕೊಡು ಎಂದು ಇನ್ನೊಂದು ಬಾಟಲಿ ಕೊಟ್ಟರು. ದಿನವಿಡೀ ಗುಳ್ಳೆಗಳ ನಡುವೆ ಬದುಕುವ ಮನುಷ್ಯ, ಅವನಿಗೆ ಬೆಲೆ ಗೊತ್ತಿರುತ್ತೆ ಅಂತ. ಬಿರುಬೇಸಿಗೆ. ಬಾಟಲಿಯೊಳಗೆ ಈಸ್ಟು ಇನ್ನೂ ಕೆಲಸಕ್ಕೆ ರಜೆ ಹಾಕಿರಲಿಲ್ಲ. ಬಿರಡೆಗೆ ದಾರ ಬಿಗಿದಿತ್ತು. ರೈಲು ಬೇರೆ ಕುಲುಕುತ್ತಿತ್ತು.

ಎದುರು ಸೀಟಿನಲ್ಲಿ ಬಿಳೀ ಪಂಚೆ, ಬಿಳೀ ಅಂಗಿ, ಗಿರಿಜಾ ಮೀಸೆಯ ರೈತರೊಬ್ಬರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹೆಂಡತಿ ಕಾದಿದ್ದಾಳೆ, ಅಲ್ಲಿಂದ ಇಬ್ಬರೂ ಕಾಮಸಮುದ್ರಕ್ಕೆ, ಅವಳ ತವರಿಗೆ, ನಾಮಕರಣಕ್ಕೆ ಹೋಗಬೇಕು ಎಂದು ಆಗಲೇ ಹೇಳಿಯಾಗಿತ್ತು. "ನಮ್ಮತ್ತೆ ಶ್ಯಾನೆ ಕಟ್ನಿಟ್ಟು ಸಾರ್. ಬೀಡಿ ವಾಸ್ನೆ ಬಂದ್ರೂ ಅಟ್ಟಿ ಒಳಕ್ಕೆ ಬಿಡಾಕಿಲ್ಲ."

ಆಗ ದಾರ ಕಿತ್ತುಹೋಯಿತು. ಢಬ್ ಎಂದು ಬಿರಡೆ ಫ್ಯಾನಿಗೆ ಬಡಿಯಿತು. ನೊರೆ ಕಾರಂಜಿಯಂತೆ ಎದ್ದು, ಕಂಪಾರ್ಟ್‌ಮೆಂಟಿನಲ್ಲಿ ಬೇರೆ ಯಾರನ್ನೂ ಮುಟ್ಟದೆ, ಅವರೊಬ್ಬರನ್ನೇ ನೆತ್ತಿಯಿಂದ ಪಾದದವರೆಗೆ ತೊಳೆಯಿತು.

ಪ್ಲಾಟ್‌ಫಾರಮ್ಮಿನಲ್ಲಿ ಅವರು ನನ್ನ ಕೈ ಬಿಡಲಿಲ್ಲ. "ಬನ್ನಿ ಸಾರ್, ಸಾಕ್ಷಿ ಏಳಿ. ಇಲ್ಲಾಂದ್ರೆ ನನ್ ಸಂಸಾರ ಇಲ್ಲೇ ಮುಗೀತದೆ." ಹೆಂಡತಿ ಹಣ್ಣಿನ ಚೀಲ ಹಿಡಿದು ನಿಂತಿದ್ದರು. ನಾನು ಓದಿದವನಲ್ಲವೇ, ಇಂಗಾಲದ ಡೈಆಕ್ಸೈಡಿನ ಒತ್ತಡ, ಬೇಸಿಗೆಯ ಉಷ್ಣತೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿದರು. ಗಂಡನ ಹತ್ತಿರ ಹೋಗಿ ಅಂಗಿ ಮೂಸಿದರು, ಪಂಚೆ ಮೂಸಿದರು.

"ಸರಿ ಸಾರ್, ಬಟ್ಟೆ ಮ್ಯಾಲೆ ನೀವೇ ಚೆಲ್ಲಿದ್ದು, ಒಪ್ಕೊಂಡೆ. ಬಾಯಿ ಯಾಕೆ ಗಬ್ ಅಂತೈತೆ?"

ರೈತರು ತಲೆ ತಗ್ಗಿಸಿದರು. "ಮೀಸೆ ಮ್ಯಾಲೆ ಬಿದ್ದಿತ್ತು ಕಣೇ. ಒರೆಸ್ಕಂಡೆ."

"ನಾಲಿಗೇಲಾ?"

ಪರೀಕ್ಷೆಗೆ ಬಂದ ಸಾಹೇಬರು

ಪ್ಲಾಟ್‌ಫಾರಮ್ಮಿನ ಕತೆ ಸಂತೆಗೆ ಹೋಯಿತು, ಸಂತೆಯಿಂದ ಅಬಕಾರಿ ಇನ್ಸ್‌ಪೆಕ್ಟರ ಕಿವಿಗೆ ಹೋಯಿತು. ಅಷ್ಟರಲ್ಲಿ ಹಾಪ್ ಡಬ್ಬ ಖಾಲಿಯಾಗಿತ್ತು. ಅದರ ತಳ ಕೆರೆದು ಮಾಡಿದ ಕೊನೆಯ ಸರದಿಯ ಬಾಟಲಿಗಳು ಫೋರ್ಮನ್ನರ ಮನೆಯ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಒಂದು ಭಾನುವಾರ ಬೆಳಗ್ಗೆ ನಾನು ಅಲ್ಲಿದ್ದಾಗಲೇ ಇನ್ಸ್‌ಪೆಕ್ಟರು ಒಬ್ಬ ಪೇದೆಯೊಂದಿಗೆ ಒಳಗೆ ಬಂದರು.

"ಇದೇನು ಇದೆಲ್ಲ?"

ಫೋರ್ಮನ್ನರು ಬಾಯಿ ತೆರೆಯುವ ಮುಂಚೆ ನಾನು ನಡುವೆ ಹಾರಿದೆ. "ಕಷಾಯ ಸಾರ್. ಮಂಡಿನೋವಿಗೆ ಕೊಡ್ತಾರೆ. ಬೇಕಾದರೆ ಹಾಲಿನ ಗೌಡರನ್ನ ಕೇಳಿ."

ಇನ್ಸ್‌ಪೆಕ್ಟರು ಗ್ಲಾಸಿಗೆ ಸುರಿಸಿಕೊಂಡು ಒಂದು ಗುಟುಕು ಕುಡಿದರು. ಥೂ ಎಂದು ಕಿಟಕಿಯಾಚೆ ಉಗಿದರು. "ಇದು ಬಿಯರ್ ಅಲ್ಲ ಬಿಡಿ. ಬಿಯರ್ ನನಗೆ ಗೊತ್ತಿಲ್ವಾ? ಇದು ಕಷಾಯವೇ. ಕೇಸಿಲ್ಲ. ನಡಿಯಪ್ಪಾ." ಪೇದೆ ತಿರುಗಿದ. ಫೋರ್ಮನ್ನರ ಹೆಂಡತಿ ದೊರೆಸಾನಿಯವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಉಸಿರು ಬಿಟ್ಟೆ.

"ನಿಲ್ಲು ಮ್ಯಾನ್!"

ಫೋರ್ಮನ್ನರು ಬಾಗಿಲಿಗೆ ಅಡ್ಡ ನಿಂತಿದ್ದರು. ಮುಖ ಟೊಮೇಟೊ. "ಏನಂದೆ? ಬಿಯರ್ ಅಲ್ವಾ? ಒಂದೇ ಮಾಲ್ಟ್, ಒಂದೇ ಹಾಪ್! ಪಕ್ಕಾ ಪೇಲ್ ಏಲ್ ಇದು! ಲೈಸೆನ್ಸ್ ಇಲ್ಲ, ಏನಿಲ್ಲ, ನಾನೇ ಮಾಡಿದ್ದು! ಹಾಕು ಕೇಸು!"

"ಬಾಯಿ ಮುಚ್ಚು ಮ್ಯಾನ್" ಎಂದು ದೊರೆಸಾನಿಯವರು ಅಂಗಿ ಹಿಡಿದೆಳೆದರು. "ಜೈಲಿಗೆ ಊಟ ನಾನು ತರಲ್ಲ."

"ಜೈಲಿಗೆ ಹೋಗ್ತೀನಿ. ಕಷಾಯ ಮಾಡಿದ ಅಂತ ಅನ್ನಿಸಿಕೊಳ್ಳಲ್ಲ!"

ಇನ್ಸ್‌ಪೆಕ್ಟರು ಬೆಪ್ಪಾದರು. ಅವರ ಸರ್ವಿಸಿನಲ್ಲಿ ಕೇಸು ಬೇಡ ಎಂದು ಕಾಲಿಗೆ ಬಿದ್ದವರನ್ನು ನೋಡಿದ್ದರು. ಬೇಕೇ ಬೇಕು ಎಂದು ಕಾಲರು ಹಿಡಿಯುವವರನ್ನು ನೋಡಿರಲಿಲ್ಲ. "ಹಿರಿಯರೇ, ಬಿಯರ್ ಅಂತ ಒಪ್ಪಿಕೊಂಡರೆ ನಿಮ್ಮನ್ನ ಕರಕೊಂಡು ಹೋಗಬೇಕಾಗುತ್ತೆ."

"ಕರಕೊಂಡು ಹೋಗು. ಮೊದಲು ಸರಿಯಾಗಿ ಕುಡಿ. ಸಾರಾಯಿ ಥರ ಎತ್ತಿ ಸುರಕೋಬೇಡ. ಮೂಸು. ಹಾಂ. ಕಿತ್ತಳೆ ಬಂತಾ? ಈಗ ಸ್ವಲ್ಪ ಬಾಯೊಳಗೆ ಇಟ್ಕೋ. ನುಂಗಬೇಡ ಮ್ಯಾನ್, ಇಟ್ಕೋ! ಈಗ ಬಿಡು."

ಇನ್ಸ್‌ಪೆಕ್ಟರು ಬಿಟ್ಟರು. ಇನ್ನೊಂದು ಗುಟುಕು. ಕಿಟಕಿಯಾಚೆ ನೋಡಿದರು. ಮತ್ತೊಂದು. ಗ್ಲಾಸು ಬರಿದಾಯಿತು. ಅದನ್ನೇ ತಿರುಗಿಸುತ್ತಾ ಕೂತು, ಕೆಮ್ಮಿ, ಮೆಲ್ಲಗೆ ಹೇಳಿದರು:

"ಇನ್ನೊಂದು ಗ್ಲಾಸು ಕೊಡಿ."

ಫೋರ್ಮನ್ನರು ಬಾಟಲಿ ಎತ್ತಿದರು. ಆದರೂ ಅವರು ಸುರಿಯಲಿಲ್ಲ. "ಒಂದು ಮಾತು ನಿಜ ಹೇಳಬೇಕು. ಕೇಳಿದ್ದು ಡ್ಯೂಟಿಗಾ, ಆಸೆಗಾ?"

ಇನ್ಸ್‌ಪೆಕ್ಟರು ಪೇದೆಯ ಕಡೆ ನೋಡಿದರು. "ನೀನು ಹಿತ್ತಲು ನೋಡ್ಕೊಂಡು ಬಾರಪ್ಪಾ." ಪೇದೆ ಮರೆಯಾದ ಮೇಲೆ, ನೆಲ ನೋಡುತ್ತಾ ಹೇಳಿದರು: "ಆಸೆಗೆ."

ಫೋರ್ಮನ್ನರು ಹ್ಯಾಟು ತೆಗೆದು ಸೂರಿಗೆ ಎಸೆದರು. ಹೆಂಡತಿಯನ್ನು ಹಿಡಿದು ಎರಡು ಸುತ್ತು ಕುಣಿದರು. ಆಮೇಲೆ ಸುರಿದರು. ಆದರೆ ಈಗ ಇನ್ಸ್‌ಪೆಕ್ಟರಿಗೆ ಧರ್ಮಸಂಕಟ: ಬಿಯರ್ ಎಂದು ಗೊತ್ತಾಗಿದೆ, ಕೇಸು ಹಾಕಲು ಮನಸ್ಸಿಲ್ಲ, ಸುಳ್ಳು ಹೇಳುವ ಅಭ್ಯಾಸವಿಲ್ಲ. ಯೋಚಿಸಿ ದಾರಿ ಕಂಡುಕೊಂಡರು. "ಇಲ್ಲಿ ಏನೂ ಸಿಗಲಿಲ್ಲ ಅಂತ ನಾನು ಹೇಳಬೇಕಾದರೆ, ಇಲ್ಲಿ ಏನೂ ಇರಬಾರದು."

ಇರದ ಹಾಗೆ ಮಾಡುವ ಕೆಲಸಕ್ಕೆ ನಾವೆಲ್ಲ ಕೂತೆವು. ಹಿತ್ತಲಿನಿಂದ ಪೇದೆಯನ್ನೂ ಕರೆಸಲಾಯಿತು. ದೊರೆಸಾನಿಯವರು ಕಡಲೆಬೀಜ ಹುರಿದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರು ಎದ್ದು, ಟೋಪಿ ಸರಿಮಾಡಿಕೊಂಡು ಆಜ್ಞೆ ಮಾಡಿದರು: "ಈಗ ಇಡೀ ಮನೆ ಹುಡುಕು." ಪೇದೆ ಹುಡುಕಿದ. ಬಾಟಲಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ನೋಡಿದ. ಬಂದು ನಿಂತ. ಅವನ ಮುಖದಲ್ಲಿದ್ದ ದುಃಖ ನೋಡಲಾಗುತ್ತಿರಲಿಲ್ಲ.

"ಒಂದು ತೊಟ್ಟೂ ಇಲ್ಲ ಸಾರ್."

"ಅಯ್ಯೋ, ಅಳಬೇಡ ಮ್ಯಾನ್!" ಫೋರ್ಮನ್ನರ ಕರುಳು ಚುರುಕ್ಕೆಂದಿತು. "ಮಂಚದ ಕೆಳಗೆ ಇನ್ನೊಂದು ಬಾಟ್ಲಿ ಇದೆ!"

ಇನ್ಸ್‌ಪೆಕ್ಟರು ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿದರು. "ನನಗೆ ಕೇಳಿಸಲಿಲ್ಲ! ನನಗೇನೂ ಕೇಳಿಸಲಿಲ್ಲ!" ಎನ್ನುತ್ತಾ ಪೇದೆಯನ್ನು ಎಳೆದುಕೊಂಡು ಗೇಟು ದಾಟಿ, ಬೀದಿಯ ತಿರುವಿನಲ್ಲಿ ಮರೆಯಾದರು. ನಾವು ಕುರ್ಚಿಯಲ್ಲಿ ಕುಸಿದೆವು.

ಅಷ್ಟರಲ್ಲಿ ದಡದಡ ಬೂಟಿನ ಸದ್ದು. ಪೇದೆ ಓಡುತ್ತಾ ವಾಪಸು ಬಂದ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, ಸೆಲ್ಯೂಟು ಹೊಡೆದು ಹೇಳಿದ:

"ಸಾಹೇಬರಿಗೆ ಏನೂ ಕೇಳಿಸಲಿಲ್ಲವಂತೆ. ಯಾವ ರೂಮಿನ ಮಂಚ ಅಂತ ಕೇಳ್ಕೊಂಡು ಬಾ ಅಂದ್ರು."