ಲ್ಯಾಪ್‌ಟಾಪಿನ ಮರುಜನ್ಮ, ಶೇಂಗಾ ಚಟ್ನಿ ಸಮೇತ

"ಇವತ್ತ ಈ ಲ್ಯಾಪ್‌ಟಾಪಿಗೆ ಮರುಜನ್ಮ ಕೊಡದಿದ್ರ ನನ್ನ ಹೆಸರು ಗುರುಪಾದನ ಅಲ್ಲ!"

ಭಾನುವಾರ ಮುಂಜಾನೆ ಎಂಟೂವರೆಗೆ ನವನಗರದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಗುರುಪಾದ ಈ ಘೋರ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆಯೇನೂ ಸುರಿಯಲಿಲ್ಲ. ಹೆಂಡತಿ ಉಮಾಶ್ರೀ ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೇ. ಹನ್ನೊಂದು ವರ್ಷದ ಸಂಸಾರದಲ್ಲಿ ಇಂಥ ಪ್ರತಿಜ್ಞೆಗಳನ್ನು ಕೇಳಿ ಕೇಳಿ ಅವಳಿಗೆ ಈಗ ಸಿಟ್ಟು ಮಾಡಲೂ ದಣಿವು. ಹೋದ ತಿಂಗಳಷ್ಟೇ ಮಿಕ್ಸರಿಗೆ ಇಂಥದೇ ಮರುಜನ್ಮ ಸಿಕ್ಕಿತ್ತು. ಅವತ್ತಿನಿಂದ ಅದು ಅಟ್ಟದ ಮೇಲೆ ಮೌನವ್ರತ ಹಿಡಿದಿದೆ. ಗುರುಪಾದನ ತಾಯಿ ಸಂಗವ್ವ ಒರಳಿನಲ್ಲಿ ಕುಟ್ಟುತ್ತಿದ್ದಾಳೆ.

ಗುರುಪಾದ ತಾರಿಹಾಳದಲ್ಲಿ ನೀರಿನ ಪಂಪು ಮಾಡುವ ಕಾರ್ಖಾನೆಯೊಂದರ ಸೂಪರ್‌ವೈಸರ್. ಯಂತ್ರ ಅಂದರೆ ಯಂತ್ರ, ಪಂಪಾದರೇನು ಲ್ಯಾಪ್‌ಟಾಪ್ ಆದರೇನು ಎಂಬುದು ಅವನ ಸಿದ್ಧಾಂತ. ಆ ಲ್ಯಾಪ್‌ಟಾಪೋ, ಬಟನ್ ಒತ್ತಿ, ಚಹಾಕ್ಕಿಟ್ಟು, ಕುಡಿದು, ಕಪ್ಪು ತೊಳೆದು ಬಂದರೂ ಕಣ್ಣು ಬಿಡುತ್ತಿರಲಿಲ್ಲ. "ಎಲ್ಲಾ ಅಳಿಸಿ ಹೊಸಾ ಸಿಸ್ಟಮ್ ಹಾಕಬೇಕ್ರಿ. ಎರಡು ದಿನ ಬಿಟ್ಟು ಹೋಗ್ರಿ" ಎಂದಿದ್ದ ಕಂಪ್ಯೂಟರ್ ಅಂಗಡಿಯ ಹನುಮೇಶ. ಎರಡು ದಿನ! ಒಬ್ಬ ಸೂಪರ್‌ವೈಸರನಿಗೆ ಇದಕ್ಕಿಂತ ಅವಮಾನ ಬೇಕೆ? ಹೊಸ ಸಿಸ್ಟಮ್ ತುಂಬಿದ ಪೆನ್‌ಡ್ರೈವನ್ನಷ್ಟೇ ಅವನಿಂದ ಇಸಿದುಕೊಂಡು ಬಂದಿದ್ದ ಗುರುಪಾದ.

"ಮಾಡ್ರಿ," ಎಂದಳು ಉಮಾಶ್ರೀ. "ಆದ್ರ ಮೊದಲ ನನ್ನ ಕಸೂತಿ ನಮೂನಿ ಬ್ಯಾರೆ ಕಡೆ ತೆಗೆದಿಡ್ರಿ. ಎರಡು ನೂರಾ ಹನ್ನೆರಡು ಅದಾವು. ನಾಳೆ ಮುಂಜಾನೆ ಮೂವತ್ತು ಮಂದಿ ಹೆಣ್ಮಕ್ಕಳು ಕ್ಲಾಸಿಗೆ ಬರ್ತಾರ, ಅವರ ಕೈಯಾಗ ಕೊಡಬೇಕು."

ಇದು ಹುಡುಗಾಟದ ಮಾತಲ್ಲ. ಮಂದಿಯ ಮನೆಗಳ ಹಳೆಯ ಇಳಕಲ್ ಸೀರೆ ಹುಡುಕಿ, ಎಳೆ ಎಣಿಸಿ, ಗೋಪುರ, ಆನೆ, ತುಳಸಿ ಕಟ್ಟೆ ಎಂದು ಒಂದೊಂದನ್ನೂ ಲ್ಯಾಪ್‌ಟಾಪಿನ ಚೌಕಳಿಯ ಮೇಲೆ ಹೊಲಿಗೆ ಹೊಲಿಗೆಯಾಗಿ ಮೂಡಿಸಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ನಾಳೆಯದು ಅವಳು ಸ್ವಂತ ನಡೆಸಲಿರುವ ಮೊದಲ ಕ್ಲಾಸು.

"ಇಂಟರ್‌ನೆಟ್ಟಿನ್ಯಾಗ ಒಂದು ಪ್ರತಿ ಇಡೂಣೇನ್ರಿ?"

"ಛೇ! ನಮ್ಮ ಸಾಮಾನ ಮಂದಿ ಮನ್ಯಾಗ ಯಾಕ ಇಡೂದು? ನಮ್ಮ ಮನ್ಯಾಗ, ನಮ್ಮ ಕಣ್ಣ ಮುಂದ ಇರಲಿ!" ಎಂದ ಗುರುಪಾದ.

ಎಲ್ಲವನ್ನೂ ಇನ್ನೊಂದು ಪುಟ್ಟ ಪೆನ್‌ಡ್ರೈವಿಗೆ ಇಳಿಸಿ, ತೆರೆದು ಎರಡು ಸಲ ಎಣಿಸಿದ. ಇನ್ನೂರ ಹನ್ನೆರಡು. ಯಂತ್ರ ಬಿಚ್ಚುವ ಮೊದಲು ಸಣ್ಣ ಸಾಮಾನೆಲ್ಲ ಮುಚ್ಚಳದ ಡಬ್ಬಿಗೆ ಹೋಗಬೇಕು ಎಂಬುದು ಕಾರ್ಖಾನೆಯ ಶಿಸ್ತು. ನಟ್ಟು ಕಳೆದವನ ಕಿವಿ ಹಿಂಡುವವನೇ ಈ ಗುರುಪಾದ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ಸ್ಟೀಲ್ ಡಬ್ಬಿಯೊಂದು ಸಿಕ್ಕಿತು. ಹುಣಸೆ ಬೀಜದ ಗಾತ್ರದ ಆ ಕರಿ ಪೆನ್‌ಡ್ರೈವನ್ನು ಅದರೊಳಗಿಟ್ಟು, ಮುಚ್ಚಳ ಗಟ್ಟಿಯಾಗಿ ಒತ್ತಿ, ಕಟ್ಟೆಯ ಮೇಲೆಯೇ ಇಟ್ಟು ಬಂದ.

"ಎಲ್ಲವೂ ಅಳಿಸಿಹೋಗುತ್ತದೆ. ಖಾತ್ರಿಯೇ?" ಎಂದು ಕೇಳಿತು ಲ್ಯಾಪ್‌ಟಾಪು. ಗುರುಪಾದ ರಣಕಹಳೆ ಊದುವವನಂತೆ ಎದೆಯುಬ್ಬಿಸಿ ಬಟನ್ ಒತ್ತಿದ. ಅಳಿಸಿತು. ಆಮೇಲೆ ಹೊಸದನ್ನು ತುಂಬಿಕೊಳ್ಳತೊಡಗಿತು. ಹತ್ತು, ಇಪ್ಪತ್ತು, ಮೂವತ್ತು, ಮೂವತ್ತೇಳು ಪರ್ಸೆಂಟ್. ಅಲ್ಲಿಗೆ ಅದಕ್ಕೆ ಜೋಂಪು ಹತ್ತಿತು!

"ಎಲ್ಲೀತನಕ ಬಂತೋ ಗುರುಪಾದ?" ಒಳಗಿಂದ ಸಂಗವ್ವನ ದನಿ, ಜೊತೆಗೆ ಒರಳಿನ ಸದ್ದು.

"ಮೂವತ್ತೇಳು ಪರ್ಸೆಂಟ್, ಅವ್ವ."

ಅರ್ಧ ತಾಸಾಯಿತು. "ಈಗ?"

"ಮೂವತ್ತೇಳು ಪರ್ಸೆಂಟ್."

ಮತ್ತೆ ಅರ್ಧ ತಾಸು. "ನನ್ನ ಶೇಂಗಾ ಕುಟ್ಟಿ ಮುಗೀತು, ಚಟ್ನಿ ಪುಡಿ ಆತು, ನಿಂದಿನ್ನೂ ಅಲ್ಲೇ ಐತೇನು?"

ಗುರುಪಾದ ಎದ್ದು ಮೈ ಮುರಿದ. ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. ಕಡೆಗೂ ಅದು ನೂರು ಮುಟ್ಟಿ, ಬೀಗರ ಮನೆಯವರಂತೆ ವಿಚಾರಣೆಗೆ ಇಳಿಯಿತು. ಯಾವ ದೇಶ? ಯಾವ ಭಾಷೆ? ಗುಪ್ತಪದ ಮರೆತರೆ ಗುರುತಿಗೆ, ನೀವು ಮೊದಲು ಸಾಕಿದ ಪ್ರಾಣಿಯ ಹೆಸರೇನು?

"ಅವ್ವಾ, ನಮ್ಮ ಮೊದಲನೇ ಎಮ್ಮಿ ಹೆಸರೇನು?"

"ಯಾಕೋ?"

"ಲ್ಯಾಪ್‌ಟಾಪ್ ಕೇಳಾಕತ್ತೈತಿ."

"ಹಾಲು ಬೇಕಂತೇನು ಅದಕ್ಕ?"

ಎರಡೂವರೆಗೆ ಹೊಸ ಲ್ಯಾಪ್‌ಟಾಪು ಫಳಫಳ ಎದ್ದು ನಿಂತಿತು. ಒತ್ತಿದ ಕೂಡಲೇ ತೆರೆಯುತ್ತದೆ! ಊಟವಿಲ್ಲದೆ ಬಳಲಿದ್ದ ಗುರುಪಾದ ಮೀಸೆಯ ಮೇಲೆ ಕೈಯಾಡಿಸುತ್ತ, "ಎರಡು ದಿನ ಅಂತ ಎರಡು ದಿನ!" ಎಂದ.

"ಛಲೋ ಆತು. ನನ್ನ ನಮೂನಿ ಹಾಕಿಕೊಡ್ರಿ," ಎಂದಳು ಉಮಾಶ್ರೀ.

ಗುರುಪಾದ ಅಡುಗೆಮನೆಗೆ ಹೋದ. ಕಟ್ಟೆ ಇತ್ತು. ಡಬ್ಬಿ ಇರಲಿಲ್ಲ.

"ಅವ್ವಾ! ಇಲ್ಲಿದ್ದ ಡಬ್ಬಿ ಎಲ್ಲಿ?"

"ಬಾಜೂ ಮನಿ ಹಾಜರಾಬಿ ಡಬ್ಬಿ ಅಲ್ಲೇನೋ ಅದು? ಮೊನ್ನೆ ಹಬ್ಬಕ್ಕ ಸುರಕುಂಬಾ ಪಾಯಸ ಕೊಟ್ಟು ಕಳಿಸಿದ್ಲು. ಕೊಟ್ಟು ಬಂದೆ."

"ಖಾಲೀ ಡಬ್ಬಿನ ಕೊಟ್ಟಿಯಲ್ಲ?" ಗುರುಪಾದನ ದನಿಯಲ್ಲಿ ಕೊನೆಯ ಆಸೆ.

ಸಂಗವ್ವನಿಗೆ ಸಿಟ್ಟೇ ಬಂತು. "ಖಾಲೀ ಡಬ್ಬಿ ಯಾರರ ತಿರುಗಿ ಕೊಡತಾರೇನೋ, ನಮ್ಮ ಮನಿತನ ಏನಂದ್ಕೊಂಡಿ? ಕಂಠಮಟ ಚಟ್ನಿ ಪುಡಿ ತುಂಬಿ ಕೊಟ್ಟೇನಿ!"

"ಒಳಗ ನೋಡಲಿಲ್ಲೇನು?"

"ನನ್ನ ಕಣ್ಣಿಗೆ ನೀನ ಸರಿ ಕಾಣಂಗಿಲ್ಲ, ಡಬ್ಬಿ ತಳ ಎಲ್ಲಿ ನೋಡ್ಲಿ?"

ಗುರುಪಾದ ಉಮಾಶ್ರೀಗೆ ಹೇಳಿದ. ಬೈಗುಳ ತಿನ್ನಲು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಮಂಚದ ಅಂಚಿಗೆ ಕೂತು, ಮೆಲ್ಲಗೆ, "ಮೂರು ವರ್ಷ ರೀ," ಎಂದಳು. ಗುರುಪಾದನಿಗೆ ಅಳು ಬಂದಂತಾಯಿತು. ತನ್ನ ಮೇಲೆ ತನಗೇ ಇಷ್ಟು ನಾಚಿಕೆ ಅವನಿಗೆ ಮಿಕ್ಸರ್ ಕೆಟ್ಟಾಗಲೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡು ಎದ್ದಳು. "ಕಸೂತಿಯೊಳಗ ದಾರ ಹ್ವಾದ ಹಾದೀಲೆನ ತಿರುಗಿ ಬರಬೇಕು. ಡಬ್ಬಿ ಹ್ವಾದ ಹಾದಿ ಹಿಡೀರಿ. ಲಗೂ ಹೋಗ್ರಿ!"

ಪಕ್ಕದ ಮನೆಯ ಹಾಜರಾಬಿ ಬಾಗಿಲಲ್ಲೇ ಸಿಕ್ಕಳು. "ಬಾರಪಾ ಗುರುಪಾದ. ಚಟ್ನಿ ಭಾರೀ ಛಲೋ ಆಗೇತಿ ಅಂತ ನಮ್ಮ ಮೈಮುನಾ ಡಬ್ಬೀನ ಎತ್ತಿಕೊಂಡು ಹ್ವಾದ್ಲು. ಈಗ ಗಂಡಗ ಊಟಕ್ಕ ಬಡಿಸಾಕತ್ತಿರಬೇಕು."

ಬಡಿಸಾಕತ್ತಿರಬೇಕು! ಮಗಳು ಮೈಮುನಾಳ ಮನೆ ಅಮರಗೋಳದಲ್ಲಿ. ಖಾಲಿ ಹೊಟ್ಟೆಯ ಗುರುಪಾದನನ್ನು ಹೊತ್ತು ಸ್ಕೂಟರು ಓಡಿತು. ಹಾದಿಯುದ್ದಕ್ಕೂ ಅವನ ಕಣ್ಣಿಗೆ ಮೂವತ್ತು ಮಂದಿ ಹೆಣ್ಣುಮಕ್ಕಳು ಬರಿಗೈಯಲ್ಲಿ ಕೂತಂತೆ, ಉಮಾಶ್ರೀ ಅವರ ಮುಂದೆ ಮಾತಿಲ್ಲದೆ ನಿಂತಂತೆ ಕಾಣುತ್ತಿತ್ತು.

ಅಮರಗೋಳದಲ್ಲಿ ಮೈಮುನಾಳ ಗಂಡ ಅಬ್ದುಲಮಜೀದ ರೊಟ್ಟಿ ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ.

"ಬರ್ರಿ ಗುರುಪಾದಣ್ಣ," ಎಂದ ನೋವಿನಲ್ಲೂ ನಗುತ್ತ. "ನಿಮ್ಮವ್ವಾರ ಚಟ್ನಿ ರುಚಿ ಐತ್ರಿ, ಖರೇ. ಆದ್ರ ಈ ಸಲ ಒಂದು ಶೇಂಗಾ ಭಾಳ ಗಟ್ಟಿ ಇತ್ತು ನೋಡ್ರಿ, ಹಲ್ಲ ಅಲುಗಾಡಿತು."

ಕರಿಬೇವು ತೆಗೆದಿಟ್ಟಂತೆ ತಟ್ಟೆಯ ಅಂಚಿಗೆ ಅವನು ಸರಿಸಿಟ್ಟಿದ್ದ ಆ 'ಶೇಂಗಾ'ವನ್ನು ಗುರುಪಾದ ಗಬಕ್ಕನೆ ಎತ್ತಿಕೊಂಡ. ಮೈಯೆಲ್ಲ ಕೆಂಪು ಖಾರ, ಬೆನ್ನ ಮೇಲೆ ಹಲ್ಲಿನ ಗುರುತು. ವಿಷಯ ತಿಳಿದ ಮೈಮುನಾ ಉಳಿದ ಚಟ್ನಿಯನ್ನು ಬಾಟ್ಲಿಗೆ ಸುರಿದುಕೊಂಡು, ನಗು ತಡೆಯುತ್ತ ಡಬ್ಬಿಯನ್ನು ಅವನ ಕೈಗಿತ್ತಳು. "ಹಂಗ ಹೊಂಟೀರಿ, ಇದನ್ನ ನಮ್ಮ ಅಮ್ಮಾಗ ಮುಟ್ಟಿಸಿಬಿಡ್ರಿ. ಅಂದಂಗ ಅಣ್ಣಾ, ಚಟ್ನಿ ತರಿತರಿ ಐತಿ, ನಿಮ್ಮ ಮಿಕ್ಸರ್ ಕೆಟ್ಟೈತೇನ್ರಿ?"

ಗುರುಪಾದ ಸ್ಕೂಟರಿನ ಕಿಕ್ ಹೊಡೆದ.

ಮನೆಗೆ ಬಂದು ಪೆನ್‌ಡ್ರೈವು ಚುಚ್ಚಿದರೆ ಲ್ಯಾಪ್‌ಟಾಪು ಪಿಟ್ ಅನ್ನಲಿಲ್ಲ. ಅವನ ಕೈ ತನಗೆ ತಾನೇ ಸ್ಕ್ರೂಡ್ರೈವರಿನ ಕಡೆ ಹೋಯಿತು.

"ಕೆಳಗಿಡ್ರಿ ಅದನ್ನ!" ಉಮಾಶ್ರೀ ಇಡೀ ದಿನದಲ್ಲಿ ಆಗಲೇ ಮೊದಲ ಸಲ ಕೂಗಿದಳು. ಪೆನ್‌ಡ್ರೈವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಸೂತಿಯ ಸೂಜಿಯಿಂದ ಅದರ ಬಾಯೊಳಗಿನ ಖಾರವನ್ನು ಎಳೆ ಎಣಿಸುವ ಕೈಯಿಂದಲೇ ಕಣ ಕಣವಾಗಿ ತೆಗೆದಳು. ಮೆತ್ತನೆ ಬಟ್ಟೆಯಿಂದ ಒರೆಸಿ, ಉಸಿರು ಬಿಗಿಹಿಡಿದು ಚುಚ್ಚಿದಳು. ಮೊದಲು ಗೋಪುರ ಬಂತು, ಆಮೇಲೆ ಆನೆ. ಇಬ್ಬರೂ ಕೂತು ಎಣಿಸಿದರು. ಇನ್ನೂರ ಹನ್ನೆರಡು! ಉಮಾಶ್ರೀ ಜೋರಾಗಿ ನಕ್ಕಳು. ಗುರುಪಾದನೂ ನಕ್ಕು, ಇನ್ನಾದರೂ ಒಂದು ತುತ್ತು ಉಂಡು ಅಡ್ಡಾಗೋಣ ಎಂದು ಎದ್ದ.

ಸಂಗವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಾಜರಾಬಿಯ ಡಬ್ಬಿ.

"ಇದು ಮತ್ತ ನಮ್ಮ ಮನಿಗೇ ಬಂತಲ್ಲೋ! ಈಗ ತಿರುಗಿ ಕೊಡಬೇಕು. ಖಾಲೀ ಹೆಂಗ ಕೊಡೂದು? ನನ್ನ ರಟ್ಟಿ ಅಂತೂ ಬಿದ್ದು ಹೋಗ್ಯಾವು."

ಉಮಾಶ್ರೀ ಒರಳಿನ ಮುಂದೆ ಮಣೆ ಹಾಕಿ, ಹುರಿದ ಶೇಂಗಾದ ಬುಟ್ಟಿ ತಂದಿಟ್ಟಳು.

"ಮಿಕ್ಸರಿನ್ಯಾಗ ಹಾಕಿದ್ರ..." ಎಂದ ಗುರುಪಾದ ಕ್ಷೀಣವಾಗಿ.

"ಅದನ್ನ ಹೋದ ತಿಂಗಳ ನೀವ ರಿಪೇರಿ ಮಾಡೀರಿ."

ಗುರುಪಾದ ಮಣೆಯ ಮೇಲೆ ಕೂತ. ಕುಟ್ಟಿದ, ಕುಟ್ಟಿದ, ಬೆವರು ಒರೆಸಿ ಮತ್ತೆ ಕುಟ್ಟಿದ. ಪಡಸಾಲೆಯಿಂದ ಸಂಗವ್ವ ಕೂಗಿ ಕೇಳಿದಳು, "ಎಲ್ಲೀತನಕ ಬಂತೋ ಗುರುಪಾದ?"

"ಮೂವತ್ತೇಳು ಪರ್ಸೆಂಟ್, ಅವ್ವ."