ಷಡಕ್ಷರಪ್ಪನವರ ಮೋಡೆಮ್ಮು

ಮೋಡೆಮ್ಮನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮನೆಯಲ್ಲಿ ಫೋನೂ ಇರಲಿಲ್ಲ, ಅಕ್ಕಪಕ್ಕದವರೂ ಇರಲಿಲ್ಲ ಎಂಬುದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಖಚಿತ ಅಭಿಪ್ರಾಯ.

ಫೋನಿನ ತಂತಿಯಲ್ಲೇ ಇಂಟರ್‌ನೆಟ್ ತರುವ ಆ ಪೆಟ್ಟಿಗೆಯನ್ನು ಅವರು ತಂದದ್ದೇ ಜಂಬಕ್ಕೆ. ಮಗಳು ಪ್ರತಿಮಾಳನ್ನು ನೋಡಲು ಜಾವಗಲ್ಲಿನ ಕರಿಬಸವಯ್ಯನವರು ಮಗನೊಂದಿಗೆ ಬಂದಾಗ, "ನಮ್ಮನೇಲಿ ಇಂಟರ್‌ನೆಟ್ಟೂ ಐತೆ ಕಣ್ರೀ" ಎಂದು ಉಪ್ಪಿಟ್ಟಿನ ಜೊತೆ ಅದನ್ನೂ ಬಡಿಸಿದ್ದರು. ಕಾಲೇಜು ಮೇಷ್ಟ್ರಾಗಿದ್ದ ಹುಡುಗ ಖುಷಿಪಟ್ಟು ಇ-ಮೇಲ್ ವಿಳಾಸ ಬರೆದುಕೊಂಡಿದ್ದ.

ಅವರ ತೀರ್ಮಾನ ಇವತ್ತು ಬರಬೇಕಿತ್ತು.

"ಅವರು ಫೋನ್ ಮಾಡೋ ಹೊತ್ತು, ಅದಿದ್ರೆ ಲೈನ್ ಸಿಗಾಕಿಲ್ಲ, ಕಿತ್ತಾಕ್ರೀ" ಎಂದರು ಹೆಂಡತಿ ಸುಮಿತ್ರಮ್ಮ.

"ಕೊಬ್ಬರಿ ರೇಟ್ ನೋಡ್ಬುಟ್ಟು ತೆಗೀತೀನಿ, ತಡಿಯೇ."

ಮೋಡೆಮ್ಮು ಕೀಂಯ್, ಕರ್ರ್ ಎಂದು ಕಿರುಚತೊಡಗಿತು. ಅಷ್ಟರಲ್ಲಿ ಪಕ್ಕದ ಮನೆಯ ಬೋರಮ್ಮ ಬಂದಳು. ಬೀದಿಗೆಲ್ಲ ಫೋನಿದ್ದದ್ದು ಈ ಮನೆಯಲ್ಲೊಂದೇ. ಬೋರಮ್ಮನ ಸೊಸೆ ಹೆರಿಗೆಗೆಂದು ಹಳೇಬೀಡಿನ ತವರಿಗೆ ಹೋಗಿದ್ದಳು. ಸುದ್ದಿ ಇಲ್ಲಿಗೇ ಬರಬೇಕು. ಕಾದು ಕಾದು ಸಾಕಾಗಿ ಬೋರಮ್ಮ ಪಡಸಾಲೆಯ ರಿಸೀವರನ್ನು ಎತ್ತಿಯೇಬಿಟ್ಟಳು.

"ಅಯ್ಯೋ, ಕೂಸು ಉಟ್ಬುಟ್ಟೈತೆ ಕಣ್ರವ್ವಾ! ಎಂಗ್ ಕಿರುಚ್ತೈತೆ ಕೇಳ್ರಿ!"

ರಿಸೀವರ್ ಎತ್ತಿದ್ದೇ ತಡ, ಒಳಗೆ ಇಂಟರ್‌ನೆಟ್ ಲೈನು ಕಟ್ಟಾಯಿತು. ಷಡಕ್ಷರಪ್ಪನವರು ಹಲ್ಲು ಕಡಿಯುತ್ತ ಮತ್ತೆ ಹಚ್ಚಿದರು. ಬೋರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ ಬಂದಳು. ಸಕ್ಕರೆ ತಿಂದವರೆಲ್ಲ ಕೂಸಿನ ದನಿ ಕೇಳಲು ಬಂದರು.

"ಗಂಟ್ಲು ಥೇಟ್ ತಾತಂದೇ" ಎಂದ ಎದುರುಮನೆಯ ತಿಮ್ಮಯ್ಯ, ರಿಸೀವರನ್ನು ಮುಂದಿನವರಿಗೆ ಕೊಡುತ್ತ.

"ಅದು ಕೂಸಲ್ಲ ಕಣ್ರೋ, ಮೋಡೆಮ್ಮು!" ಎಂದು ಷಡಕ್ಷರಪ್ಪನವರು ಗಂಟಲು ಹರಿದುಕೊಂಡರು.

"ಈಗ್ಲೇ ಕೂಸಿಗೆ ಎಸ್ರು ಇಟ್ಬುಟ್ರಾ ಸ್ವಾಮಿ?" ಎಂದಳು ಬೋರಮ್ಮ, ನೊಂದುಕೊಂಡು.

ಮಧ್ಯಾಹ್ನವಾದರೂ ಕಂಪ್ಯೂಟರ್ ಪರದೆಯ ಮೇಲೆ ಕೊಬ್ಬರಿ ರೇಟಿನ ಪುಟದ ತೆಂಗಿನಮರದ ಗರಿಯಷ್ಟೇ ಮೂಡಿತ್ತು. ಕಾಯಿ ಇನ್ನೂ ಕೆಳಗೆಲ್ಲೋ ಇತ್ತು. ಷಡಕ್ಷರಪ್ಪನವರ ಪಿತ್ತ ನೆತ್ತಿಗೇರಿತು. ವೈರು ಕಿತ್ತು, ಮೋಡೆಮ್ಮನ್ನು ಬಚ್ಚಲಮನೆಯ ಹಂಡೆಯೊಳಗೆ ಮುಳುಗಿಸಿ ಬಂದರು. ತಕ್ಷಣ ಫೋನು ಬಡಿದುಕೊಂಡಿತು. ಕರಿಬಸವಯ್ಯನವರು!

"ಬೆಳಗ್ಗಿಂದ ಎಂಗೇಜು ಬತ್ತಿತ್ತಲ್ರೀ! ಹುಡುಗಂಗೆ ಒಪ್ಗೆ ಐತೆ. ಆದ್ರೆ ನಿಮ್ಮಗಳಿಗೆ ಏನೋ ಕೇಳಿ ಇ-ಮೇಲ್ ಕಳ್ಸವ್ನಂತೆ, ನಂಗೂ ಹೇಳಾಕಿಲ್ಲ ಅಂತಾನೆ. ಸಂಜೆಯೊಳಗೆ ಅದರಲ್ಲೇ ಉತ್ತರ ಬರ್ಬೇಕಂತೆ. ಇಲ್ದಿದ್ರೆ ನಾಳೆ ಗಂಡಸಿ ಊರಿಗೆ ಬೇರೆ ಹೆಣ್ಣು ನೋಡೋಕೆ ಹೋಗ್ತೀವಿ. ನಿಮ್ಮನೇಲಿ ಐತಲ್ಲ, ಚಿಂತೆಯೇನು?"

"ಐತೆ, ಐತೆ" ಎಂದರು ಷಡಕ್ಷರಪ್ಪನವರು. ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

ಹಂಡೆಯಿಂದ ಎತ್ತಿ, ಒರೆಸಿ, ಒಲೆಯ ಮುಂದೆ ಹಿಡಿದು, ಮತ್ತೆ ವೈರು ಚುಚ್ಚಿದರು. ದಿನವಿಡೀ ಬೀದಿಗೆ ಕೇಳುವಂತೆ ಅರಚಿದ್ದ ಮೋಡೆಮ್ಮು ಈಗ ಮೂಕಬಸವನಾಗಿ ಕೂತಿತ್ತು. ಬಾಗಿಲಲ್ಲಿ ಪ್ರತಿಮಾ ಕಣ್ಣು ತುಂಬಿಕೊಂಡು ನಿಂತಿದ್ದಳು.

"ಕಿರುಚೋ ನಮ್ಮಪ್ಪಾ, ಒಂದೇ ಒಂದ್ಸಲ ಕಿರುಚೋ!" ಎಂದು ಷಡಕ್ಷರಪ್ಪನವರೇ ಕಿರುಚಿದರು.

ಪಡಸಾಲೆಯಲ್ಲಿ ಬೋರಮ್ಮ ರಿಸೀವರನ್ನು ಕಿವಿಯಿಂದ ಇಳಿಸಿ ಸಮಾಧಾನದ ಉಸಿರುಬಿಟ್ಟಳು. "ಸುಮ್ಕಿರಿ ಸ್ವಾಮಿ, ಈಗಷ್ಟೇ ಮಲಗೈತೆ."